ಮಗಳನ್ನು ಬಿಡಿಸಿ ತಂದ ಆರು ಕಟ್ಟು

ಲಂಗಲಂಗ ಎಂಬ ಹಿನ್ನೀರಿನ ಊರುಗಳಲ್ಲಿ ಅರಾನಾಳಷ್ಟು ಚೆನ್ನಾಗಿ ಕಡಲ ಚಿಪ್ಪು ಕೊರೆಯುವವರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಒಪ್ಪುವುದಕ್ಕೆ ಖರ್ಚೇನೂ ಇರಲಿಲ್ಲವಲ್ಲ. ಏಳು ವರ್ಷದವಳಿದ್ದಾಗ ಕಲ್ಲು ಹಿಡಿದವಳು ಐವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಚಿಪ್ಪು ಒಡೆದು, ಬಿಲ್ಲೆ ಮಾಡಿ, ತೂತು ಕೊರೆದು, ಕೆಂಪು ಚಿಪ್ಪಾದರೆ ಕಾದ ಕಲ್ಲಿನ ಮೇಲೆ ಹುರಿದು ಬಣ್ಣ ಏರಿಸಿ, ದಾರಕ್ಕೆ ಪೋಣಿಸಿ, ನೀರು ಹಾಕಿ ಉಜ್ಜಿ ಉಜ್ಜಿ ನುಣುಪು ಮಾಡಿದರೆ ಒಂದು ಎಳೆ. ಅಂಥ ಹತ್ತು ಎಳೆ ಸೇರಿದರೆ ಒಂದು ಕಟ್ಟು, ಅದೇ ನಮ್ಮಲ್ಲಿ ಹಣ. ಕಟ್ಟು ಕೊಟ್ಟರೆ ಮನೆಗೆ ಹೆಣ್ಣು ಬರುತ್ತದೆ, ಜಗಳ ತೀರುತ್ತದೆ. ಮಾಡುವವರು ಹೆಂಗಸರು, ಸಭೆಯಲ್ಲಿ ಎದ್ದು ನಿಂತು ಕೊಡುವವರು ಗಂಡಸರು. ಇಬ್ಬರು ಮೈದುನರ ಮದುವೆ ಅರಾನಾಳ ಹೆಬ್ಬೆರಳು ಸವೆದೇ ಆದದ್ದು. ಆ ಎರಡು ಮದುವೆಯಲ್ಲೂ ಅವಳು ಕೂತದ್ದು ಒಲೆಯ ಮುಂದೆ.

ಗಂಡ ಸಮುದ್ರದ ಪಾಲಾದ ಮೇಲೆ ಅವಳಿಗೆ ಉಳಿದವಳು ಮಗಳು ಒಡೆಟಾ. ಗಂಡನ ಅಣ್ಣ ಇರೋಬಾವು ಮುಂದೆ ನಿಂತು ಅವಳನ್ನು ದಡದಾಚೆಯ ಗುಡ್ಡದೂರಿನ ಫಾಕಾಯಾನಿಗೆ ಕೊಟ್ಟ. ಗಂಡಿನ ಕಡೆಯಿಂದ ಆರು ಕಟ್ಟು ಬಂದವು. ವರ್ಷ ತುಂಬುವ ಮೊದಲೇ ಆರೂ ಇರೋಬಾವುವಿನ ಮಗನ ಮದುವೆಗೆ ಹೋದವು. ಅದನ್ನು ತಪ್ಪೆನ್ನುವಂತಿಲ್ಲ, ಚಿಪ್ಪಿನ ಹಣ ಯಾರ ಮನೆಯಲ್ಲೂ ಕೂರುವುದಿಲ್ಲ.

ಒಡೆಟಾ ಮೊದಲ ಸಲ ತುಟಿ ಒಡೆಸಿಕೊಂಡು ಬಂದಾಗ ಇರೋಬಾವು ಗುಡ್ಡ ಹತ್ತಿ ಹೋಗಿ, ನ್ಯಾಯ ಕೇಳಿ, ದಂಡವಾಗಿ ಒಂದು ಹಂದಿ ತಂದ. ಹಂದಿಯನ್ನು ಎಲ್ಲರೂ ತಿಂದರು. ಒಡೆಟಾ ಗಂಡನ ಮನೆಗೆ ಹೋದಳು. ಮೂರನೆಯ ಸಲ ಅವಳ ಒಂದು ಕಣ್ಣು ಮುಚ್ಚಿಹೋಗಿತ್ತು.

"ಬಾವ, ಈ ಸಲ ಕಳ್ಸಲ್ಲ ನಾನು," ಎಂದಳು ಅರಾನಾ.

ಇರೋಬಾವು ಅಡಿಕೆ ಜಗಿಯುತ್ತಿದ್ದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೆ."

"ಉಣ್ಣೋಕೆ ಹಲ್ಲು ಉಳಿದಿದ್ರೆ ತಾನೇ?"

"ಕಳ್ಸಲ್ಲ ಅಂದ್ರೆ ಅವರ ಆರು ಕಟ್ಟು ವಾಪಸ್ ಇಡ್ಬೇಕು. ಇದಾವಾ ನಿನ್ಹತ್ರ?"

"ಮಾಡ್ತೀನಿ."

ಅವನು ನಕ್ಕ. ಒಡೆಟಾ ಕಣ್ಣು ತೆರೆಯುವಷ್ಟು ದಿನ ಇದ್ದು, ಅಲ್ಲಿ ಬಿಟ್ಟುಬಂದಿದ್ದ ಮಗಳು ಸಾನೆಯ ನೆನಪಾಗಿ ಮತ್ತೆ ಗುಡ್ಡ ಹತ್ತಿದಳು. ಅರಾನಾ ಚಿಪ್ಪಿನ ಮುಂದೆ ಕೂತಳು.

ಹದಿನಾಲ್ಕು ತಿಂಗಳು ಕೂತಳು. ಕೆಂಪು ಚಿಪ್ಪು ನಮ್ಮ ನೀರಿನಲ್ಲಿ ಮುಗಿದು ಎಷ್ಟೋ ಕಾಲವಾಯಿತು. ದೂರದ ದ್ವೀಪದಿಂದ ಮೂಟೆ ತರಿಸಲು ತನ್ನ ದೋಣಿ ಮಾರಿದಳು. ಮೀನಿಗೆ ಹೋಗುವುದು ನಿಂತು ಬರೀ ಗೆಣಸು ತಿಂದಳು. ಓರಗಿತ್ತಿಯರು, "ಯಾರ್ ಮದ್ವೆಗಮ್ಮ ಇಷ್ಟೊಂದು? ನಿಂದೇನಾ?" ಎಂದು ಚುಚ್ಚಿದರೆ, "ಹ್ಞೂಂ, ಗಂಡು ನೋಡಿಡ್ರಿ, ಹೊಡೆಯೋ ಕೈ ಇಲ್ದೋನ್ನ," ಎನ್ನುತ್ತಿದ್ದಳು.

ಆರನೆಯ ಕಟ್ಟು ಮುಗಿದ ದಿನ ಇರೋಬಾವುವಿಗೆ ನಗು ಬರಲಿಲ್ಲ. ಹೊಸ ಅಂಗಿ ತೊಟ್ಟು, ಕಟ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಗುಡ್ಡಕ್ಕೆ ಹೋಗಿ, ತಾನೇ ಮಾಡಿದವನಂತೆ ಭಾಷಣ ಮಾಡಿ ಕೊಟ್ಟು, ಸಂಜೆಗೆ ಒಡೆಟಾಳನ್ನು ಕರೆತಂದ. ಒಬ್ಬಳನ್ನೇ.

"ಸಾನೆ ಎಲ್ಲಿ?" ಅರಾನಾ ಕೇಳಿದಳು.

"ಮಗು ಅವರದ್ದು. ಅದೂ ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಹುಟ್ಟಿದ ಮಕ್ಕಳು ಅಪ್ಪನ ಕುಲಕ್ಕೆ, ಕಟ್ಟು ಹಿಂದೆ ಕೊಟ್ಟರೂ ಮಕ್ಕಳು ಹಿಂದೆ ಬರುವುದಿಲ್ಲ ಎಂಬುದು ನಮ್ಮಲ್ಲಿ ತೊದಲುವ ಕೂಸಿಗೂ ಗೊತ್ತು. ಆದರೂ ಎರಡು ವರ್ಷದ ಕೂಸು, ಹಾಲು ಬಿಟ್ಟಿಲ್ಲ, ಯಾರು ತಾನೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದಳು. ಬಾಯಿಬಿಟ್ಟು ಕೇಳಿದ್ದರೆ ಕೈ ನಿಂತುಹೋಗುತ್ತಿತ್ತು, ಅದಕ್ಕೇ ಕೇಳಿರಲಿಲ್ಲ.

ಒಡೆಟಾ ಇಪ್ಪತ್ತು ದಿನ ಇದ್ದಳು. ಎದೆಯ ಹಾಲನ್ನು ಸಮುದ್ರಕ್ಕೆ ಹಿಂಡುತ್ತಿದ್ದಳು. ಇಪ್ಪತ್ತೊಂದನೆಯ ದಿನ ಮೀನು ಮಾರುವವರ ದೋಣಿ ಹತ್ತಿ ಮಗುವಿದ್ದಲ್ಲಿಗೇ ಹೋದಳು. ಅರಾನಾ ತಡೆಯಲಿಲ್ಲ.

ಎರಡು ತಿಂಗಳಿಗೆ ಫಾಕಾಯಾ ಒಡೆಟಾಳ ಕೈ ಮುರಿದ ಸುದ್ದಿ ಬಂತು. ಅರಾನಾ ಬಾವನ ಮನೆಗೆ ಓಡಿದಳು. "ಹೋಗಿ ಕೇಳಿ ಬಾವ!"

"ಏನಂತ ಕೇಳ್ಲಿ? ಕಟ್ಟು ವಾಪಸ್ ಕೊಟ್ಟಾಯ್ತು. ಈಗ ಅವಳು ಅವನ ಹೆಂಡ್ತಿನೂ ಅಲ್ಲ. ಕರೀದೆ ಹೋಗಿ ಬಿದ್ದಿರೋಳಿಗೆ ನ್ಯಾಯ ಕೇಳೋ ಬಾಯಿ ನಮಗಿಲ್ಲ ಕಣೆ."

ಅರಾನಾ ತಾನೇ ಗುಡ್ಡಕ್ಕೆ ಹೋದಳು. ಫಾಕಾಯಾ ಜಗಲಿಯಿಂದ ಎದ್ದೇಳಲೂ ಇಲ್ಲ.

"ನಾನೇನ್ ಹಗ್ಗ ಹಾಕಿ ಕಟ್ಟಿದೀನಾ? ಕರ್ಕೊಂಡ್ ಹೋಗಮ್ಮ. ಮಗೂನ ಮಾತ್ರ ಮುಟ್ಬೇಡ." ಅತ್ತೆ ಎನ್ನಲಿಲ್ಲ. ಎನ್ನುವ ಸಂಬಂಧ ಉಳಿದಿರಲಿಲ್ಲ.

ಒಡೆಟಾ ಹಿತ್ತಲಲ್ಲಿದ್ದಳು. ಬಲಗೈಗೆ ಬಿದಿರಿನ ದಬ್ಬೆ ಕಟ್ಟಿತ್ತು. ಸಾನೆ ತೊಡೆಯ ಮೇಲಿತ್ತು. ಎಡಗೈಯಲ್ಲಿ ಗೆಣಸು ಹೆರೆಯುತ್ತಿದ್ದಳು, ಸರಿಯಾಗಿ ಆಗುತ್ತಿರಲಿಲ್ಲ.

"ಬಾ ಮಗಾ, ಹೋಗೋಣ."

ಒಡೆಟಾ ತಲೆ ಎತ್ತಲಿಲ್ಲ. "ನೀನು ಬಿಡಿಸ್ದೇ ಇದ್ದಿದ್ರೆ ಅವನಿಗೆ ದಂಡದ ಹೆದ್ರಿಕೆನಾದ್ರೂ ಒಂಚೂರು ಇರ್ತಿತ್ತವ್ವಾ," ಎಂದಳು.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಹೇಳಿ, ಇನ್ನೊಂದು ಗೆಣಸು ಎತ್ತಿಕೊಂಡಳು.