ಕನ್ನಡಿಯಲ್ಲಿ ಎಣಿಸಿದ ಮತಗಳು

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಸಭಾಪತಿ ಅನ್ನುತ್ತಾರೆ. ಕೆಲಸ ಕೂದಲು ಕತ್ತರಿಸುವುದು. ನನ್ನ ಟೈಲರ್ ಅಂಗಡಿಗೂ ಅವನ ಸಲೂನಿಗೂ ನಡುವೆ ಒಂದೇ ಗೋಡೆ. ಅವನ ಕತ್ತರಿಯ ಸದ್ದು ನನಗೆ, ನನ್ನ ಮಿಷನ್ನಿನ ಸದ್ದು ಅವನಿಗೆ ಕೇಳಿ ಕೇಳಿ ಅಭ್ಯಾಸವಾಗಿಹೋಗಿದೆ. ಅಭ್ಯಾಸವಾಗದೆ ಉಳಿದದ್ದು ಅವನ ಟಿವಿಯದ್ದು. ಬೇರೆ ಸಲೂನುಗಳಲ್ಲಿ ಹಾಡು ಬರುತ್ತದೆ, ಆಟ ಬರುತ್ತದೆ. ಇವನಲ್ಲಿ ದಿನವಿಡೀ ಸಂಸತ್ತು.

ಇದಕ್ಕೆಲ್ಲ ಕಾರಣ ನಮ್ಮ ಸಂಸದರು. ಅವರು ಇನ್ನೂ ಯಾರೂ ಅಲ್ಲದಿದ್ದ ಕಾಲದಿಂದ ಇವನ ಹತ್ತಿರವೇ ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ಗೆದ್ದ ವರ್ಷ ಇದೇ ಕುರ್ಚಿಯಲ್ಲಿ ಕೂತು, ನಾನು ದಾರಿ ತಪ್ಪಿದರೆ ನೀನು ಕಿವಿ ಹಿಂಡಬೇಕು ಎಂದು ಹೇಳಿ ಹೋದರಂತೆ. ಗೆದ್ದವರು ಅಂಥ ಮಾತನ್ನು ಹತ್ತು ಕಡೆ ಆಡಿರುತ್ತಾರೆ, ಹತ್ತು ಕಡೆಯೂ ಮರೆತಿರುತ್ತಾರೆ. ಇವನು ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಕನ್ನಡಿಯ ಪಕ್ಕ ಒಂದು ಕಪ್ಪು ಹಲಗೆ ತೂಗುಹಾಕಿ, ಮೂರು ಭಾಗ ಮಾಡಿದ. ಒಂದರಲ್ಲಿ ಸಂಸದರು ಆಡಿದ ಮಾತು, ಒಂದರಲ್ಲಿ ಅವರು ಬರೆದು ಕೇಳಿದ ಪ್ರಶ್ನೆ, ಇನ್ನೊಂದರಲ್ಲಿ ಹಾಕಿದ ಮತ.

ಮಾತು, ಪ್ರಶ್ನೆಗಳದ್ದು ತೊಂದರೆಯಿರಲಿಲ್ಲ. ಅವನ್ನು ಸಂಸತ್ತಿನವರೇ ಅಚ್ಚು ಹಾಕುತ್ತಾರೆ, ಗ್ರಂಥಾಲಯಕ್ಕೆ ಹೋಗಿ ಓದಿಕೊಂಡು ಬರುತ್ತಿದ್ದ. ಮತದ್ದೇ ತಕರಾರು. ಮಸೂದೆಗೆ ಹೌದು ಎನ್ನುವವರು ಬಲಗಡೆಯ ಬಾಗಿಲಿನಿಂದ, ಇಲ್ಲ ಎನ್ನುವವರು ಎಡಗಡೆಯ ಬಾಗಿಲಿನಿಂದ ಹೊರಗೆ ಹೋಗಬೇಕು. ಅಲ್ಲಿ ತಲೆ ಎಣಿಸುತ್ತಾರೆ. ಎಷ್ಟು ತಲೆ ಎಂದು ಹೇಳುತ್ತಾರೆಯೇ ಹೊರತು ಯಾರ ತಲೆ ಎಂದು ಹೇಳುವುದಿಲ್ಲ. ಟಿವಿಯಲ್ಲೂ ಆಗ ಹಿಂದಿನಿಂದ ತೋರಿಸುತ್ತಾರೆ, ನಮ್ಮಂಥವರಿಗೆ ಕಾಣುವುದು ಬರೀ ಕುರಿಮಂದೆ. ಆದರೆ ಜನರ ತಲೆಯ ಹಿಂಭಾಗ ನೋಡಿಯೇ ಹೊಟ್ಟೆ ಹೊರೆದವನಿಗೆ ಹಾಗಲ್ಲ. ನಮ್ಮ ಸಂಸದರ ನೆತ್ತಿಯಲ್ಲಿ ಎರಡು ಸುಳಿ, ಕುತ್ತಿಗೆಯ ಮೇಲೆ ಎಷ್ಟು ಕತ್ತರಿಸಿದರೂ ಬಾಲ ಬಿಡುವ ಕೂದಲು. ನೂರು ತಲೆಯ ನಡುವೆ ಆ ತಲೆಯನ್ನು ಅವನು ಹಿಡಿದುಬಿಡುತ್ತಿದ್ದ. ಅದು ಯಾವ ಬಾಗಿಲಿಗೆ ಹೋಯಿತು ಎಂದು ನೋಡಿ ಹಲಗೆಯ ಮೇಲೆ ಬರೆಯುತ್ತಿದ್ದ.

ಬರೆದದ್ದನ್ನು ಓದಿದರೆ ಮಾತ್ರ ತಲೆ ಕೆಡುತ್ತಿತ್ತು. ಬಸ್ಸಿನ ದರ ಏರಿಸಬಾರದು ಎಂದು ಗಂಟಲು ಹರಿಯುವ ಹಾಗೆ ಮಾತಾಡಿದವರು ಏರಿಸಲು ಹೌದು ಅಂದಿದ್ದಾರೆ. ಶಾಲೆಗೆ ದುಡ್ಡು ಯಾಕಿಲ್ಲ ಎಂದು ಪ್ರಶ್ನೆ ಬರೆದವರು ದುಡ್ಡು ಕೊಡುವ ಮಸೂದೆಗೆ ಇಲ್ಲ ಅಂದಿದ್ದಾರೆ. ಮರುವಾರ ನೋಡಿದರೆ ಮಾತೂ ಮತವೂ ಒಂದೇ ಕಡೆ. ಈ ಮನುಷ್ಯ ಹಿಂಗೋ ಹಂಗೋ ತಿಳಿಯದೆ ಸಭಾಪತಿ ಬಾಚಣಿಗೆ ಹಿಡಿದು ಹಲಗೆಯ ಮುಂದೆ ಪೆಚ್ಚಾಗಿ ನಿಂತಿರುತ್ತಿದ್ದ. ರಾಜಕೀಯದವರೆಲ್ಲ ಇಷ್ಟೇ ಕಣಯ್ಯ, ಕತ್ತರಿ ಹಿಡಿ ಎಂದು ನಾನು ಗದರುತ್ತಿದ್ದೆ.

ಆಮೇಲೆ ನಮ್ಮ ಬುಡಕ್ಕೇ ಬಂತು. ಚಿಕ್ಕ ಚಿಕ್ಕ ಹೆರಿಗೆ ಆಸ್ಪತ್ರೆಗಳನ್ನು ಮುಚ್ಚಿ ನಗರದ ದೊಡ್ಡ ಆಸ್ಪತ್ರೆಗಳಿಗೆ ಸೇರಿಸುವ ಮಸೂದೆಯಂತೆ. ನಮ್ಮ ಬೀದಿಯ ತುದಿಯಲ್ಲಿರುವುದು ಅಂಥದ್ದೇ ಆಸ್ಪತ್ರೆ. ಸಭಾಪತಿಯ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಅಲ್ಲಿ ಆಯಾ. ಬೀದಿಯ ಅರ್ಧ ಮಕ್ಕಳಿಗೆ ಮೊದಲ ಸ್ನಾನ ಮಾಡಿಸಿದ ಕೈ ಅವರದ್ದು. ಸಂಸದರು ಆಸ್ಪತ್ರೆ ಮುಚ್ಚಬಾರದು ಎಂದು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಮೊದಲ ಸುತ್ತಿನ ಮತದ ದಿನ ಅವರ ತಲೆ ಬಲಗಡೆಗೆ ಹೋಯಿತು, ಮುಚ್ಚಲು ಹೌದು ಎಂದು ಸಭಾಪತಿ ಹಲಗೆಯಲ್ಲಿ ಬರೆದ. ಮಸೂದೆ ಕೂದಲೆಳೆಯ ಅಂತರದಲ್ಲಿ ಪಾಸಾಯಿತು. ಕೊನೆಯ ಮತಕ್ಕೆ ಇನ್ನೂ ಕೆಲವು ತಿಂಗಳಿತ್ತು.

ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಕೆಲಸದವರನ್ನೆಲ್ಲ ಕರೆದು ಒಂದು ಮಾತು ಹೇಳಿದರು. ಈಗಲೇ ಒಪ್ಪಿ ನಗರಕ್ಕೆ ಹೋಗುವವರಿಗೆ ಅಲ್ಲಿ ಕೆಲಸ, ಇರಲು ಕೋಣೆ, ಎರಡೂ ಖಾತ್ರಿ. ಇಲ್ಲೇ ಇರುತ್ತೇನೆ ಎನ್ನುವವರು ಆಸ್ಪತ್ರೆ ಉಳಿದರೆ ಉಳಿದರು, ಹೋದರೆ ಕೆಲಸವೂ ಹೋಯಿತು. ತಿಂಗಳ ಕೊನೆಯೊಳಗೆ ಹೇಳಬೇಕು. ನಗರ ದಿನಾ ಹೋಗಿ ಬರುವ ದೂರದಲ್ಲಿಲ್ಲ.

ಅವತ್ತು ಅಕ್ಕ ಸೀದಾ ಸಲೂನಿಗೆ ಬಂದರು. ಟಿವಿ ಆರಿಸಿದರು. ನಾನು ಬಾಗಿಲಲ್ಲೇ ಇದ್ದೆ.

"ರೀ, ಇಷ್ಟು ವರ್ಷ ಆ ಮನುಷ್ಯನ ತಲೆ ಕಾದಿದೀರಿ. ಒಂದು ದಿನಾನೂ ನಾನು ಯಾಕೆ ಅಂತ ಕೇಳಿಲ್ಲ. ಈಗ ಒಂದೇ ಒಂದು ಹೇಳಿ. ಅವರು ನಮ್ಮ ಆಸ್ಪತ್ರೆ ಉಳಿಸ್ತಾರೋ ಇಲ್ಲವೋ?"

ಅವನು ಹಲಗೆ ನೋಡಿದ, ನನ್ನನ್ನು ನೋಡಿದ, ಮತ್ತೆ ಹಲಗೆ ನೋಡಿದ. ಮಾತು ಇತ್ತ, ಮತ ಅತ್ತ. ಎರಡು ದಿನ ಕೊಡು, ಯೋಚನೆ ಮಾಡಿ ಹೇಳ್ತೀನಿ ಅಂದ.

ಆ ಎರಡು ದಿನದಲ್ಲೇ ನಾನು ಕೂದಲು ಕತ್ತರಿಸಿಕೊಳ್ಳಲು ಕೂತದ್ದು. ಆ ಕುರ್ಚಿಯಲ್ಲಿ ಕೂತರೆ ನನಗೆ ನಿದ್ದೆ ಬರುತ್ತದೆ, ಅವತ್ತು ಬರಲಿಲ್ಲ. ಸಲೂನಿನ ಟಿವಿ ಇರುವುದು ಕುರ್ಚಿಯ ಹಿಂದಿನ ಗೋಡೆಯಲ್ಲಿ, ಪ್ಲಗ್ಗು ಅಲ್ಲಿ ಮಾತ್ರ ಇದೆ. ಕನ್ನಡಿಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಯಾರೋ ಸದಸ್ಯ ಮಾತಾಡಲು ಎದ್ದ. ಅವನ ಕೋಟಿನ ಎದೆಜೇಬು ಬಲಗಡೆಗಿತ್ತು. ಯಾವ ಶತಮೂರ್ಖ ಇದನ್ನು ಹೊಲಿದ ಎಂದು ನನಗೆ ಮೈಯೆಲ್ಲ ಉರಿಯಿತು. ಅವನ ನಂತರ ಎದ್ದವನ ಜೇಬೂ ಬಲಗಡೆಗೆ. ಮೂರನೆಯವನದ್ದೂ ಹಾಗೇ. ದೇಶದ ಟೈಲರುಗಳಿಗೆಲ್ಲ ಒಂದೇ ಸಲ ಬುದ್ಧಿ ಕೆಟ್ಟಿರಲಾರದು ಎಂದು ತಿರುಗಿ ಟಿವಿ ನೋಡಿದೆ. ಜೇಬು ಎಡಗಡೆಯಲ್ಲೇ ಇತ್ತು.

"ಅಲ್ಲಯ್ಯ, ಮತ ಹಾಕುವಾಗ ನೀನು ಟಿವಿ ನೋಡ್ತೀಯೋ ಕನ್ನಡಿ ನೋಡ್ತೀಯೋ?" ಅಂದೆ.

ಅವನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅಕ್ಷರ ಓದಬೇಕಾದರೆ ತಿರುಗುತ್ತಿದ್ದನಂತೆ, ತಲೆ ನೋಡಲು ಅಕ್ಷರ ಬೇಡವಲ್ಲ. ಗಿರಾಕಿ ಇದ್ದರೆ ಕೆಲಸ ಮಾಡುತ್ತ ಮಾಡುತ್ತ ಕನ್ನಡಿಯಲ್ಲೇ ನೋಡುತ್ತಿದ್ದ. ಬಲಗಡೆಗೆ ಹೋಯಿತೆಂದು ಬರೆದ ತಲೆ ನಿಜಕ್ಕೂ ಎಡಗಡೆಗೆ ಹೋಗಿತ್ತು, ಎಡಗಡೆಯದ್ದು ಬಲಗಡೆಗೆ.

ನನಗಂತೂ ಎದೆ ಹಗುರಾಯಿತು. ಮಾತಿಗೆ ಉಲ್ಟಾ ಇರುವ ಮತವನ್ನೆಲ್ಲ ತಿರುಗಿಸಿ ಬರೆ, ಮುಗೀತು, ನಿನ್ನ ಸಂಸದರು ಹಾಲಿನಂಥ ಮನುಷ್ಯ ಅಂದೆ. ಅವನು ಬಳಪ ಹಿಡಿದು ನಿಂತೇ ಇದ್ದ. ಗಿರಾಕಿ ಇಲ್ಲದ ದಿನ ಬೆಂಚಿನ ಮೇಲೆ ಕೂತು ಟಿವಿಯನ್ನೇ ನೇರವಾಗಿ ನೋಡಿದ್ದೂ ಉಂಟಂತೆ. ಯಾವ ಮತದ ದಿನ ಗಿರಾಕಿ ಇದ್ದ, ಯಾವ ಮತದ ದಿನ ಇರಲಿಲ್ಲ, ಅದನ್ನು ಯಾವ ದೇವರು ನೆನಪಿಟ್ಟಿರುತ್ತಾನೆ?

ಆಸ್ಪತ್ರೆಯ ಮತದ ದಿನವನ್ನಾದರೂ ಹಿಡಿಯೋಣ ಎಂದು ಇಬ್ಬರೂ ಕೂತೆವು. ದಿನಸಿ ಅಂಗಡಿಯ ದಪ್ಪಯ್ಯ ಅವತ್ತು ಗಡ್ಡಕ್ಕೆ ಬಂದಿದ್ದ ಎಂದು ನೆನಪಾಯಿತು. ಹಾಗಾದರೆ ಕನ್ನಡಿ ಎಂದು ನಾನು ಕುಣಿದೆ. ಆದರೆ ಹೆಂಡತಿಯ ಆಸ್ಪತ್ರೆಯ ಮತ ಎಂದು ದಪ್ಪಯ್ಯನನ್ನು ನೊರೆಯಲ್ಲೇ ಬಿಟ್ಟು ತಿರುಗಿ ನಿಂತಿದ್ದೆನೇನೋ ಎಂದು ಇವನಿಗೆ ಗುಮಾನಿ. ಓಡಿಹೋಗಿ ದಪ್ಪಯ್ಯನನ್ನೇ ಕೇಳಿದೆವು. ಕಣ್ಣಿಗೆ ನೊರೆ ಹೋಗುತ್ತದೆಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ ಅಂದ. ಅವನನ್ನು ಒದೆಯಬೇಕು ಅನ್ನಿಸಿತು. ಸಭಾಪತಿ ಬಂದು ಹಲಗೆಯಲ್ಲಿ ಆ ಒಂದು ಮತವನ್ನು ಒರೆಸಿ ಖಾಲಿ ಬಿಟ್ಟ.

ಹೆಂಡತಿಗೆ ಹೇಳಬೇಕಾದ ಎರಡು ದಿನ ವಾರವಾಯಿತು. ತಿಂಗಳ ಕೊನೆ ಹತ್ತಿರ ಬರುತ್ತಿದ್ದಾಗ ಸಂಸದರೇ ಬೀದಿಗೆ ಬಂದರು, ಬಸ್ ನಿಲ್ದಾಣಕ್ಕೆ ಹಾಕಿದ ಹೊಸ ಸೂರಿನ ಉದ್ಘಾಟನೆಗೆ. ಗಾಳಿಗೆ ಕೂದಲು ಕೆದರಿಹೋಗಿತ್ತು. ಫೋಟೊಗೆ ಮೊದಲು ಬಾಚಿಸೋಣ ಎಂದು ಜೊತೆಯವರು ಸಲೂನಿಗೆ ಕರೆತಂದರು. ಅಕ್ಕ ಆಗಷ್ಟೇ ಗಂಡನಿಗೆ ಊಟದ ಡಬ್ಬಿ ತಂದು ಮೂಲೆಯಲ್ಲಿ ನಿಂತಿದ್ದರು.

ಸಭಾಪತಿ ಬಾಚುತ್ತ ಕೇಳಿಯೇಬಿಟ್ಟ. "ಸಾಹೇಬ್ರೇ, ಆಸ್ಪತ್ರೆ ಮಸೂದೆಗೆ ನೀವು ಯಾವ ಬಾಗಿಲಲ್ಲಿ ಹೋದ್ರಿ?"

"ಅದರ ಬಗ್ಗೆ ನಾನು ಮಾತಾಡಿದ್ದೆ, ಅಲ್ವಾ?"

"ಮಾತಾಡಿದ್ರಿ. ನಾನು ಬಾಗಿಲು ಕೇಳ್ತಿದೀನಿ."

ಸಂಸದರು ಕಣ್ಣು ಕಿರಿದು ಮಾಡಿ ನಿಜವಾಗಿಯೂ ನೆನೆಸಿಕೊಂಡರು. ಮುಖದಲ್ಲಿ ಕಪಟವಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತಂದದ್ದು. ಮತದ ಗಂಟೆ ಹೊಡೆದರೆ ನಮ್ಮ ಗುಂಪಿನವರು ಏಳುತ್ತಾರೆ, ಮುಂದಿನವರ ಬೆನ್ನು ನೋಡಿಕೊಂಡು ನಾವೂ ಹೋಗುತ್ತೇವೆ, ಒಂದೇ ದಿನ ಎಷ್ಟೋ ಮಸೂದೆ ಇರುತ್ತವೆ ಅಂದರು. ಆಮೇಲೆ ಹಲಗೆ ನೋಡಿದರು.

"ಇಲ್ಲಿ ಖಾಲಿ ಬಿಟ್ಟಿದೀಯಲ್ಲ. ನೀನು ನೋಡಿರ್ತೀಯ, ನೀನೇ ಹೇಳು. ಯಾವ ಕಡೆ ಹೋದೆ ನಾನು?"

ಅಕ್ಕ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದರು. ಸಂಜೆಯೊಳಗೆ ಡಾಕ್ಟರಮ್ಮನಿಗೆ ನಗರಕ್ಕೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದರು. ತನ್ನ ಮತ ತನಗೇ ಗೊತ್ತಿಲ್ಲದವರನ್ನು ನಂಬಿಕೊಂಡು ಕೂರಲು ನನ್ನ ಕೈಲಾಗಲ್ಲ ಅಂದರಂತೆ.

ಅಕ್ಕ ಹೋದರು. ವಾರಕ್ಕೊಮ್ಮೆ ಬಂದು, ಬಟ್ಟೆ ಒಗೆದು, ಒಂದು ರಾತ್ರಿ ಇದ್ದು ಹೋಗುತ್ತಿದ್ದರು. ಇಲ್ಲಿಯ ಆಸ್ಪತ್ರೆಯಲ್ಲಿ ಅವರ ಜಾಗಕ್ಕೆ ಬೇರೊಬ್ಬ ಆಯಾ ಬಂದರು.

ಕೊನೆಯ ಮತದ ದಿನ ಸಭಾಪತಿ ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿ, ಕುರ್ಚಿಯನ್ನು ಟಿವಿ ಕಡೆ ತಿರುಗಿಸಿ ತಾನೇ ಕೂತ. ನಾನು ಬೆಂಚನ್ನು ಈಚೆಗೆ ಎಳೆದುಕೊಂಡು ಕೂತೆ. ಗಂಟೆ ಹೊಡೆಯಿತು, ತಲೆಗಳು ಎದ್ದವು. ಎರಡು ಸುಳಿಯ ತಲೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಚೀಚೆ ನೋಡಿ, ಎಡಗಡೆಯ ಬಾಗಿಲಿಗೆ ಹೋಯಿತು. ಮಸೂದೆ ಬಿದ್ದುಹೋಯಿತು. ಬೀದಿಯ ತುದಿಯಿಂದ ಚಪ್ಪಾಳೆ ಕೇಳಿಸಿತು.

ಅವನು ಹೆಂಡತಿಗೆ ಫೋನು ಮಾಡಿದ. ಅವರು ಎಡಗಡೆ ಹೋದರು ಕಣೇ, ಆಸ್ಪತ್ರೆ ಉಳೀತು ಅಂದ. ಫೋನಿನಲ್ಲಿ ಅಕ್ಕನ ದನಿ ನನಗೂ ಕೇಳುತ್ತಿತ್ತು.

"ಕನ್ನಡಿಲಿ ನೋಡಿದ್ರೋ, ತಿರುಗಿ ನೋಡಿದ್ರೋ?"

"ತಿರುಗೇ ನೋಡಿದೆ."

ಅತ್ತ ಯಾವುದೋ ಮಗು ಅಳುತ್ತಿತ್ತು.

"ಹಂಗಾದ್ರೆ ನಾನಿಲ್ಲಿ ಯಾಕಿದೀನಿ?" ಅಂದರು.

ಅವನು ಫೋನು ಕಿವಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ, ಉತ್ತರ ನನ್ನ ಹತ್ತಿರ ಇದೆಯೇನೋ ಎಂಬ ಹಾಗೆ. ನಾನು ಟಿವಿ ನೋಡುತ್ತ ಕೂತೆ. ಅಲ್ಲಿ ಮುಂದಿನ ಮಸೂದೆ ಶುರುವಾಗಿತ್ತು.