ಕನ್ನಡಿಯಲ್ಲಿ ಕಂಡ ಹಳದಿ ದೀಪ

ದೆವ್ವ, ಭೂತ, ಶಕುನ ಅನ್ನುವವರನ್ನು ಕಂಡರೆ ಸುಮ್ಮನಿರುವುದು ನನ್ನಿಂದ ಆಗುತ್ತಿರಲಿಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅಮಾವಾಸ್ಯೆಯ ದಿನ ಹೊಸ ಪಾಠ ಶುರು ಮಾಡಬಾರದು ಎಂದ ಸಹೋದ್ಯೋಗಿಯೊಬ್ಬರನ್ನು ಎಲ್ಲರೆದುರು ಗೇಲಿ ಮಾಡಿದ್ದಕ್ಕೆ ಅವರು ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಹಾಗಿರುವಾಗ ಈಗ ನಾನು ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ನನಗೆ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಮನೆ ಬೆಳಗಾವಿಯ ಖಾಸಬಾಗದಲ್ಲಿ. ಆ ಹಳ್ಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನನ್ನ ಸ್ಕೂಟಿಯೋ, ಆ ಕೆಂಪು ಕೆಸರಿನ ದಾರಿಯಲ್ಲಿ ಎರಡು ಸಲ ನನ್ನನ್ನು ಉರುಳಿಸಿತು. ದೊಡ್ಡ ಗಾಲಿಯ ಮೋಟರ್ ಸೈಕಲ್ಲನ್ನೇ ಕಲಿಯುತ್ತೇನೆಂದು ನಲವತ್ತಮೂರನೆಯ ವಯಸ್ಸಿನಲ್ಲಿ ಹೊರಟೆ. "ಅರವತ್ತಕ್ಕ ಅರಳುಮರಳು ಅಂತಾರ, ನಿನಗ ನಲವತ್ತಕ್ಕ ಬಂತಲ್ಲ" ಎಂದು ನಮ್ಮ ಮನೆಯವರು ನಕ್ಕರು. ನಕ್ಕರೂ, ನಮ್ಮ ಓಣಿಯ ಪರಸಪ್ಪ ಕಾಕಾನ ಹತ್ತಿರ ಕರೆದುಕೊಂಡು ಹೋದವರೂ ಅವರೇ.

ಪರಸಪ್ಪ ಕಾಕಾ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹತ್ತಿರ ಒಂದು ಹಳೆಯ ಬೈಕು ಇತ್ತು, ಅದನ್ನು ದಿನಾ ಬೆಳಿಗ್ಗೆ ಎಮ್ಮೆ ಮೈ ತೊಳೆದ ಹಾಗೆ ತೊಳೆಯುತ್ತಿದ್ದರು. ಮಿಲಿಟರಿ ಕ್ಯಾಂಪಿನ ಕಡೆಯ ಒಂದು ಖಾಲಿ ಬಯಲಿನಲ್ಲಿ ಇಟ್ಟಂಗಿ ಸಾಲಾಗಿ ಇಟ್ಟು, ಅವುಗಳ ನಡುವೆ ಹಾವಿನಂತೆ ಸುತ್ತಿಸಿ ಸುತ್ತಿಸಿ ನನ್ನ ಕೈ ತಿದ್ದಿದರು. ಎರಡೂ ಬ್ರೇಕು ಒಟ್ಟಿಗೆ ಹಿಡಿಯುವುದು, ಉಸುಕಿನ ಮೇಲೆ ಹೇಗೆ ನಿಲ್ಲಿಸುವುದು, ಎಲ್ಲಾ ಅವರೇ ಕಲಿಸಿದ್ದು. "ಕಣ್ಣ ಎಲ್ಲಿ ಹೋಗತೈತಿ, ಗಾಡಿ ಅಲ್ಲೇ ಹೋಗತೈತಿ ಅಕ್ಕಾರ. ತಗ್ಗ ನೋಡಬ್ಯಾಡ್ರಿ, ದಾರಿ ನೋಡ್ರಿ" ಅನ್ನುತ್ತಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಎಲ್ಲರೂ ಅಕ್ಕಾರ ಎಂದೇ ಕರೆಯುವುದು. ನನಗಿಂತ ಹದಿನೆಂಟು ವರ್ಷ ದೊಡ್ಡವರಾದ ಕಾಕಾನೂ ಹಾಗೇ ಕರೆಯುತ್ತಿದ್ದರು. ನಾನು ತಪ್ಪಿದಾಗ ಒಂದು ಸಲವೂ ದನಿ ಏರಿಸಿದವರಲ್ಲ. ಅವರ ಮೇಲೆ ನನಗೆ ತಂದೆಯ ಮೇಲಿದ್ದಂಥ ಪ್ರೀತಿ ಬೆಳೆಯಿತು.

ಕೈ ಕುದುರಿದ ಮೇಲೆ ಅವರು ನನ್ನನ್ನು ತಮ್ಮ ಗುಂಪಿಗೆ ಸೇರಿಸಿದರು. ಏಳು ಜನ, ತಿಂಗಳಿಗೊಂದು ರವಿವಾರ ಎಲ್ಲಿಗಾದರೂ ಹೋಗಿ ಬರುವವರು. ಮುಂದೆ ಹೋಗುತ್ತಿದ್ದವನು ಗಾಡಿಗಳ ಬಿಡಿಭಾಗದ ಅಂಗಡಿಯ ಸಂತೋಷ. ಕೊನೆಗೆ ಯಾವಾಗಲೂ ಕಾಕಾ. ಹೊಸಬರು ಕಾಕಾನ ಮುಂದೆ, ಅಂದರೆ ನಾನು ಆರನೆಯವಳು. ಈ ಗುಂಪಿಗೆ ಇದ್ದದ್ದು ಒಂದೇ ನಿಯಮ, ಅದನ್ನು ಮಾಡಿದವರು ಕಾಕಾ: ನಿಮ್ಮ ಕನ್ನಡಿಯಲ್ಲಿ ಹಿಂದಿನವರ ದೀಪ ಕಾಣುತ್ತಿರಬೇಕು. ಹಗಲಾದರೂ ದೀಪ ಹಚ್ಚಿಕೊಂಡೇ ಹೋಗಬೇಕು. ಕಾಣಲಿಲ್ಲವೆಂದರೆ ನಿಲ್ಲಬೇಕು, ಸ್ವಲ್ಪ ಕಾಯಬೇಕು, ಆಮೇಲೂ ಬರದಿದ್ದರೆ ತಿರುಗಿ ಹೋಗಿ ನೋಡಬೇಕು. ಹೀಗಾಗಿ ಮುಂದಿನವರ ಚಿಂತೆ ಯಾರಿಗೂ ಇಲ್ಲ, ಎಲ್ಲರಿಗೂ ಹಿಂದಿನ ಒಬ್ಬರ ಚಿಂತೆ ಅಷ್ಟೆ. ಕಾಕಾನ ಚಿಂತೆ ನನ್ನ ಪಾಲಿಗೆ ಬಂದಿತ್ತು.

ಡಿಸೆಂಬರಿನ ಒಂದು ರವಿವಾರ ಹಲಸಿಯ ಹಳೆಯ ಗುಡಿಗಳನ್ನು ನೋಡಲು ಹೊರಟೆವು. ಖಾನಾಪುರ ದಾಟುವಾಗ ಬೆಳಕು ಹರಿದಿತ್ತು, ಆದರೆ ಮಂಜು ಎಷ್ಟಿತ್ತೆಂದರೆ ಹತ್ತು ಮಾರು ಆಚೆ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಾರಿಯಲ್ಲಿ ಒಂದು ಚಹದ ಅಂಗಡಿಯ ಮುಂದೆ ನಿಂತು ಚಹಾ ಕುಡಿದೆವು. ಅಲ್ಲಿಂದ ಹಲಸಿಗೆ ಆ ಮಂಜಿನಲ್ಲಿ ಅರ್ಧ ಗಂಟೆಯ ದಾರಿ. ಹೊರಡುವಾಗ ಕಾಕಾ, "ಸಾವಕಾಶ ಹೋಗ್ರಿ, ನಾ ಅದೀನಿ ಹಿಂದ" ಅಂದರು.

ಮೊದಲ ತಿರುವು ದಾಟಿ ಬಲಗಡೆಯ ಕನ್ನಡಿ ನೋಡಿದೆ. ದೀಪ ಇತ್ತು. ಉಳಿದವರದೆಲ್ಲ ಬಿಳಿ ದೀಪ. ಕಾಕಾನದು ಮಾತ್ರ ಹಳೆಯ ಬಲ್ಬಿನ ಹಳದಿ, ಸ್ವಲ್ಪ ಎಡಕ್ಕೆ ವಾಲಿದ್ದು. ತಪ್ಪಾಗಿ ಗುರುತಿಸುವಂಥದ್ದಲ್ಲ. ಪ್ರತಿ ತಿರುವಿಗೂ ನೋಡಿದೆ, ಪ್ರತಿ ಸಲವೂ ಅಷ್ಟೇ ದೂರದಲ್ಲಿ ಇತ್ತು. ನಡುವೆ ಹೆಲ್ಮೆಟ್ಟಿನ ಗಾಜು ಒರೆಸಿಕೊಳ್ಳಲು ನಾನು ನಿಂತೆ. ಅದೂ ನಿಂತಿತು. ಕಾಕಾ ಹತ್ತಿರ ಬಂದು ಏನಾಯಿತೆಂದು ಕೇಳುತ್ತಾರೆ ಅಂದುಕೊಂಡೆ, ಬರಲಿಲ್ಲ. ನಾನೇ ಸಂಭಾಳಿಸಿಕೊಳ್ಳಲಿ ಎಂದು ಬಿಟ್ಟಿರಬೇಕು ಅನ್ನಿಸಿ ಸ್ವಲ್ಪ ಹೆಮ್ಮೆಯೂ ಆಯಿತು. ಏನೂ ಇಲ್ಲ ಎನ್ನುವಂತೆ ಕೈ ಎತ್ತಿ ತೋರಿಸಿದೆ. ದೀಪ ಒಮ್ಮೆ ಆರಿ ಹತ್ತಿತು. ನಾನು ಹೊರಟೆ, ಅದೂ ಹೊರಟಿತು.

ಹಲಸಿಯಲ್ಲಿ ಗುಡಿಯ ಹತ್ತಿರ ಐವರೂ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಗಾಡಿ ನಿಲ್ಲಿಸಿದಾಗಲೂ ಕನ್ನಡಿಯ ತುದಿಯಲ್ಲಿ ಆ ಹಳದಿ ಇತ್ತು.

"ಕಾಕಾ ಎಲ್ಲಿ ಅಕ್ಕಾರ?" ಎಂದ ಸಂತೋಷ.

"ಇಲ್ಲೇ, ಬೆನ್ನ ಹಿಂದ ಅದಾರ."

ಅವನು ನನ್ನ ಹಿಂದೆ ಇಣುಕಿ ನೋಡಿದ. "ಯಾರೂ ಕಾಣವಲ್ರಲ್ಲ. ನೀವು ಒಬ್ರ ಬಂದ್ರಿ."

ಕತ್ತು ತಿರುಗಿಸಿದೆ. ಬರೀ ಮಂಜು. ಮತ್ತೆ ಕನ್ನಡಿ ನೋಡಿದೆ, ಅದರಲ್ಲೂ ಮಂಜೇ. ಹತ್ತು ನಿಮಿಷ ಕಾದೆವು. ಫೋನು ಹತ್ತಲಿಲ್ಲ. ಎಲ್ಲರೂ ತಿರುಗಿ ಹೊರಟೆವು.

ಚಹದ ಅಂಗಡಿ ಇನ್ನೇನು ಬಂತು ಅನ್ನುವಾಗ, ನಾನು ಕನ್ನಡಿ ನೋಡಿದ ಆ ಮೊದಲ ತಿರುವಿಗೂ ಅಂಗಡಿಗೂ ನಡುವೆಯೇ, ಒಂದು ಸಣ್ಣ ಸೇತುವೆಯ ಪಕ್ಕದ ತಗ್ಗಿನಲ್ಲಿ ಕಾಕಾ ಬಿದ್ದಿದ್ದರು. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಜಾರಿದ್ದರು. ಬಲಗಾಲಿನ ಮೇಲೆ ಗಾಡಿ. ಮುಂದಿನ ದೀಪ ಪುಡಿಯಾಗಿ ಹುಲ್ಲಿನಲ್ಲಿ ಚೆಲ್ಲಿತ್ತು. ಹೊರಟು ಎರಡು ನಿಮಿಷಕ್ಕೇ ಬಿದ್ದಿದ್ದರಂತೆ. ಅಂದರೆ ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ. ಗಾಡಿ ಎತ್ತುವಾಗ ನನ್ನ ಮುಖ ನೋಡಿ ಅವರು ನಗಲು ಪ್ರಯತ್ನಿಸಿದರು.

"ಅಕ್ಕಾರ ಈಗ ಬರ್ತಾರ, ಈಗ ಬರ್ತಾರ ಅಂತ ಮಲಗಿದ್ದೆ ನೋಡ್ರಿ" ಅಂದರು.

ಆ ಮಾತಿನಲ್ಲಿ ಆಕ್ಷೇಪಣೆ ಒಂದು ಚೂರೂ ಇರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ.

ಕಾಲಿಗೆ ರಾಡು ಹಾಕಿದರು. ಮೂರು ತಿಂಗಳು ಹಾಸಿಗೆ. ಬೇಗ ತಂದಿದ್ದರೆ ಮೊಣಕಾಲು ಇನ್ನಷ್ಟು ಮಣಿಯುತ್ತಿತ್ತೋ ಏನೋ ಎಂದು ಡಾಕ್ಟರು ಅಂದದ್ದನ್ನು ನಾನು ಕೇಳಿಸಿಕೊಂಡೆ. ಮತ್ತೆ ಕಾಕಾ ಗಾಡಿ ಹತ್ತಲಿಲ್ಲ. ದೀಪದ ಸಂಗತಿಯನ್ನು ನಾನು ಗುಂಪಿನವರಿಗೆ ಹೇಳಿದೆ. "ಹೊಸಬರಿಗೆ ಕನ್ನಡಿ ನೋಡೂದು ಮರೀತದ ಅಕ್ಕಾರ, ಹೋಗ್ಲಿ ಬಿಡ್ರಿ" ಎಂದ ಸಂತೋಷ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪು ಮುಚ್ಚಲು ಕಥೆ ಕಟ್ಟಿದ್ದಾಳೆ ಎಂದು ಅವರಿಗೆ ಅನ್ನಿಸಿತ್ತು, ಅದನ್ನು ಬಾಯಿಬಿಟ್ಟು ಹೇಳದಷ್ಟು ಒಳ್ಳೆಯವರು ಅವರು.

ನನ್ನ ಸ್ವಭಾವ ಬಿಡಬೇಕಲ್ಲ. ಅಂಥದೇ ಮಂಜಿನ ಬೆಳಿಗ್ಗೆ ಎರಡು ಸಲ ಆ ದಾರಿಗೆ ಹೋಗಿ ಪರೀಕ್ಷೆ ಮಾಡಿದೆ. ನನ್ನದೇ ಗಾಡಿಯ ಬೆಳಕು ಪ್ರತಿಫಲಿಸಿರಬಹುದೇ? ನನ್ನದು ಬಿಳಿ. ಹಾಲಿನವನ ಗಾಡಿಯೇ? ನಾವು ಹೋದ ಮೇಲೆ ಬಹಳ ಹೊತ್ತು ಯಾವ ಗಾಡಿಯೂ ಆ ಕಡೆ ಹೋಗಲಿಲ್ಲ ಎಂದಳು ಚಹದ ಅಂಗಡಿಯ ಹೆಂಗಸು. ಅಡ್ಡದಾರಿಯಿಂದ ಯಾರಾದರೂ ಸೇರಿಕೊಂಡಿರಬಹುದೇ? ಇರಬಹುದು. ಆದರೆ ನಾನು ನಿಂತರೆ ಅವರೇಕೆ ನಿಲ್ಲಬೇಕು? ನಾನು ಕೈ ಎತ್ತಿದರೆ ಅವರೇಕೆ ದೀಪ ಆರಿಸಿ ಹಚ್ಚಬೇಕು? ಅದು ಒಳ್ಳೆಯದಕ್ಕೆ ಬಂದದ್ದಾಗಿದ್ದರೆ ನನ್ನನ್ನು ಹಿಂದಕ್ಕೆ ಕಳಿಸುತ್ತಿತ್ತು. ಕಳಿಸಲಿಲ್ಲ. ನನ್ನನ್ನು ನಿಶ್ಚಿಂತಳಾಗಿಸಿ ಮುಂದೆ ಕರೆದುಕೊಂಡು ಹೋಯಿತು.

ಎರಡು ದಿನಕ್ಕೊಮ್ಮೆ ಕಾಕಾನ ಮನೆಗೆ ಹೋಗುತ್ತೇನೆ. ದೀಪದ ಸಂಗತಿ ಗುಂಪಿನವರಿಂದ ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ಧೈರ್ಯ ಮಾಡಿ, ನೀವಾದರೂ ನಂಬುತ್ತೀರಾ ಎಂದು ಕೇಳಿದೆ. ಅವರು ಕೋಲನ್ನು ಗೋಡೆಗೆ ಒರಗಿಸಿಟ್ಟರು.

"ನೀವು ಸುಳ್ಳ ಹೇಳೂ ಪೈಕಿ ಅಲ್ಲ, ಅದ ನನಗ ತ್ರಾಸು. ಕನ್ನಡಿ ನೋಡೂದು ಮರತೆ ಅಂದ್ರ ನಾ ತಿಳಕೋತೀನಿ ಅಕ್ಕಾರ. ಆದ್ರ ನಾ ಖರೇನ ನಿಮ್ಮ ಹಿಂದ ಬರಾಕತ್ತಿದ್ದೆ ಅಂದ್ರ, ಅಲ್ಲಿ ಬಿದ್ದಾಂವ ಯಾರ್ರೀ? ರಾತ್ರಿ ನಿದ್ದಿ ಬರವಲ್ದು."

ಅದನ್ನು ಕೇಳಿದ ಮೇಲೆ ನನಗೂ ನಿದ್ದೆ ಬರಲಿಲ್ಲ. ಮರುಸಲ ಹೋದಾಗ ಅವರೆದುರು ಕುಳಿತು, "ಕಾಕಾ, ನಾ ಕನ್ನಡಿ ನೋಡಿರಲೇ ಇಲ್ಲ, ಅಂಜಿಕಿಗೆ ಏನೇನೋ ಹೇಳಿದೆ, ತಪ್ಪಾತು" ಎಂದೆ. ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ನನ್ನ ತಲೆಯ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡ್ರಿ, ಆಗತಾವ" ಅಂದು, ಒಳಗೆ ಕೂಗಿ ಚಹಾ ಮಾಡಲು ಹೇಳಿದರು. ಈಗ ಅವರಿಗೆ ಚೆನ್ನಾಗಿ ನಿದ್ದೆ ಬರುತ್ತದಂತೆ.

ನಾನು ನೋಡಿದ್ದೆ. ಪ್ರತಿ ತಿರುವಿಗೂ ನೋಡಿದ್ದೆ.