ಸುಭದ್ರಾಬಾಯಿ ಮಿಸ್ತ್ರಿ

ಸುಭದ್ರಾಬಾಯಿಗೆ ನಮಸ್ಕಾರ ಹೇಳಿದರೆ ತಕ್ಷಣ ಉತ್ತರ ಬರುತ್ತಿರಲಿಲ್ಲ. ಮೊದಲು ಕರಣೆಯ ಹಿಡಿಯಿಂದ ಗೋಡೆಗೆ ಎರಡೇಟು ಕುಟ್ಟಿ, ಒಳಗೆ ಟೊಳ್ಳಿದೆಯೇ ಎಂದು ಕಿವಿಗೊಟ್ಟು ಕೇಳಿ, ಆಮೇಲೆ ‘ಹೂಂ, ಏನ್ರೀ ಗುರುಜಿ?’ ಅನ್ನುತ್ತಿದ್ದಳು. ಸೀರೆಯ ಮೇಲೊಂದು ಗಂಡಸರ ಅಂಗಿ, ಹಣೆಯಲ್ಲಿ ಸದಾ ಗಂಟು. ದುಡ್ಡು ಕೊಡುವ ಯಜಮಾನ ನಾನು, ಮರ್ಯಾದೆ ಗೋಡೆಗೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಭೂಕಂಪಕ್ಕೆ ನಮ್ಮ ಕಲ್ಲುಮಣ್ಣಿನ ಮನೆ ಬಿರುಕುಬಿಟ್ಟು, ನಿಲಂಗಾದಲ್ಲಿ ಹೊಸದು ಕಟ್ಟಿಸುತ್ತಿದ್ದೆ. ಈಕೆ ಔರಾದ ಶಹಾಜನಿಯವಳು. ಭೂಕಂಪದಲ್ಲಿ ನೆಲಸಮವಾದ ಸಾಸ್ತೂರ ಊರನ್ನು ಮತ್ತೆ ಕಟ್ಟುವಾಗ ಬುಟ್ಟಿ ಹೊರಲು ಹೋಗಿ, ನೋಡುತ್ತ ನೋಡುತ್ತ ಗೋಡೆ ಕಟ್ಟುವ ಗವಂಡಿ ಕೆಲಸ ಕಲಿತಿದ್ದಳು. ಸ್ವಂತ ಹೆಸರಲ್ಲಿ ಹಿಡಿದ ಮೊದಲ ಮನೆ ನಮ್ಮದು. ‘ಈ ಮನಿ ಬರಾಬರ್ ಆತಂದ್ರ ಮಂದಿ ನನಗ ಮಿಸ್ತ್ರಿ ಅಂತಾರ್ರಿ. ಇಲ್ಲಂದ್ರ ಬುಟ್ಟಿ ಹೊರೋದು ಇದ್ದೇ ಅದ’ ಎಂದಿದ್ದಳು.

ಆಕೆಯ ಕೈಕೆಳಗೆ ಮಾರುತಿ ಎಂಬ ಆಳು ಸಿಮೆಂಟು ಕಲಸುತ್ತಿದ್ದ. ಅವನಿಗೆ ದಪ್ಪ ಮೀಸೆ, ಹೆಗಲ ಮೇಲೆ ದೊಡ್ಡ ವಸ್ತ್ರ. ಬಂದವರೆಲ್ಲ ಅವನನ್ನೇ ವಿಚಾರಿಸುತ್ತಿದ್ದರು. ಮಾಳಿಗೆಯ ಛತ್ತು ಹಾಕುವ ಹಿಂದಿನ ದಿನ ಬೆಳಿಗ್ಗೆ ಸುಭದ್ರಾಬಾಯಿ, ‘ಮೂಲ್ಯಾಗ ಸರಳು ಕೂಡಿಲ್ಲ. ಎಲ್ಲಾ ಬಿಚ್ಚಬೇಕು’ ಅಂದಳು. ಮುಹೂರ್ತ ತಪ್ಪುತ್ತದೆಂದು ನಾನು ಕೂಗಾಡಿದೆ. ‘ಮುಹೂರ್ತ ಛತ್ತ ಹಿಡೀತದೇನ್ರಿ?’ ಎಂದು ಆಕೆಯೂ ಕೂಗಿದಳು. ಸಂಜೆ ಮಾರುತಿ ಮೆಲ್ಲಗೆ, ‘ಸರಳು ಬಿಚ್ಚಿ ಕಟ್ಟೋದ ಚಲೋರಿ’ ಅಂದ. ‘ಹೌದಲ್ಲ, ನೀ ಹೇಳೋದು ಖರೇ ಅದ’ ಅಂದೆ. ಅವನು ನನ್ನ ಮುಖವನ್ನೇ ನೋಡಿ, ‘ಮುಂಜಾನಿ ಬಾಯಿ ಇದನ್ನೇ ಹೇಳ್ಯಾಳಲ್ರೀ’ ಅಂದ.

ನಾನು ವಿಜ್ಞಾನದ ಮಾಸ್ತರ. ಬಣ್ಣದ ಸೀಮೆಸುಣ್ಣದಲ್ಲಿ ಮೆದುಳಿನ ಚಿತ್ರ ಬರೆದು, ಕಿವಿಯ ಸುದ್ದಿ ಅಲ್ಲಿಗೆ ಹೇಗೆ ಮುಟ್ಟುತ್ತದೆಂದು ವರ್ಷವರ್ಷವೂ ಹೇಳುವವನು. ಸುದ್ದಿ ಮುಟ್ಟುವ ಮೊದಲೇ ಕಣ್ಣು ಸೀರೆಯನ್ನೋ ಮೀಸೆಯನ್ನೋ ನೋಡಿ ತೀರ್ಮಾನ ಮಾಡಿರುತ್ತದೆ ಎಂಬುದು ನನ್ನ ಪಾಠದಲ್ಲಿ ಇರಲಿಲ್ಲ. ನಮ್ಮ ಓಣಿಯ ಕಂತ್ರಾಟದಾರ ಆಳುಗಳಿಗೆ ತಾಯಿ ತಂಗಿಯರ ಹೆಸರೆತ್ತಿ ಬೈಯುತ್ತಿದ್ದ. ಅವನು ನನಗೆ ‘ಖಡಕ್ ಮನುಷ್ಯ’. ಅದರ ಕಾಲುಭಾಗ ಗದರಿದ ಸುಭದ್ರಾಬಾಯಿ ‘ಬಾಯಿಬಡಕಿ’. ಇಂಥ ತಲೆ ಇಟ್ಟುಕೊಂಡು ನಾನು ಮಕ್ಕಳಿಗೆ ಕಲಿಸುತ್ತಿದ್ದೆ.

ವಾಸ್ತುಶಾಂತಿಯ ದಿನ ನಮ್ಮ ಕಡೆ ಮಿಸ್ತ್ರಿಗೆ ಟೊಪ್ಪಿಗೆ, ಟಾವೆಲು, ತೆಂಗಿನಕಾಯಿ ಕೊಡುತ್ತಾರೆ. ಮುಂದೆ ಮನೆ ಕಟ್ಟಿಸುವವರು ಟೊಪ್ಪಿಗೆ ಯಾರ ತಲೆಯ ಮೇಲಿದೆ ಎಂದು ನೋಡಿ ಅವರಿಗೇ ಕೆಲಸ ಹೇಳುತ್ತಾರೆ. ಈ ಸಲ ತಪ್ಪಬಾರದು, ಸುಭದ್ರಾಬಾಯಿಗೇ ಕೊಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಟೊಪ್ಪಿಗೆ ತಂದಿದ್ದೆ. ಅಯ್ಯನವರು ‘ಮಿಸ್ತ್ರಿಗೆ ಮಾನ ಕೊಡ್ರಿ’ ಅಂದರು. ನನ್ನ ಕೈ ಸೀದಾ ಮಾರುತಿಯ ತಲೆಗೆ ಹೋಯಿತು! ಅವನು ‘ನನಗಲ್ರೀ’ ಅನ್ನುವಷ್ಟರಲ್ಲಿ ಮಂದಿ ಚಪ್ಪಾಳೆ ತಟ್ಟಿದ್ದರು. ಹಾಕಿದ್ದನ್ನು ತೆಗೆಯುವುದು ಹೇಗೆಂದು ನಾನು ಸುಮ್ಮನಾದೆ. ಆ ಸುಮ್ಮನಿರುವಿಕೆಗೆ ಮೆದುಳಿನ ನೆಪವೂ ಇಲ್ಲ, ಅದು ಶುದ್ಧ ಹೇಡಿತನ. ನನ್ನ ಹೆಂಡತಿ ಬಂದ ಹೆಂಗಸರಿಗೆಲ್ಲ ಕೊಟ್ಟ ಹಾಗೆ ಸುಭದ್ರಾಬಾಯಿಗೂ ಕುಂಕುಮ ಹಚ್ಚಿ ಕುಪ್ಪಸದ ಖಣ ಕೊಟ್ಟಳು. ಆಕೆ ತೆಗೆದುಕೊಂಡು, ಊಟಕ್ಕೆ ನಿಲ್ಲದೆ ಹೋದಳು.

ಆಮೇಲಿನ ಕೆಲಸಗಳೆಲ್ಲ ಮಾರುತಿಯ ಪಾಲಾದವು. ಒಂದೆರಡು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆ ವಲಾಂಡಿಗೆ ಹೋದಾಗ, ಅವನು ಕಟ್ಟಿಸುತ್ತಿದ್ದ ಮನೆಯಲ್ಲಿ ಸುಭದ್ರಾಬಾಯಿ ಬುಟ್ಟಿ ಹೊರುತ್ತಿದ್ದಳು. ನಾನು ತಡವರಿಸುತ್ತ, ‘ಬಾಯಿ, ಅವತ್ತು ನನ್ನಿಂದ...’ ಅಂದೆ.

‘ಅದಿರ್ಲಿ ಗುರುಜಿ. ಆ ಖಿಡಕಿ ಬಾಜೂದ ಗ್ವಾಡಿ ಹೊರಗ ವಾಲ್ಯಾದ. ಮಾರುತಿಗ ಒಂದ್ ಮಾತು ಹೇಳ್ರಿ. ನಾ ಮೂರು ಸಲ ಹೇಳೀನಿ, ಅಂವಗ ಕೇಳಸವಲ್ದು.’

ಹೇಳಿದೆ. ಮಾರುತಿ ಓಡಿಬಂದು ತೂಗುಗುಂಡಿನ ದಾರ ಹಿಡಿದು ನೋಡಿದ. ‘ಖರೇ ಅದರಿ ಗುರುಜಿ, ಚಲೋ ಹೇಳಿದ್ರಿ’ ಎಂದು ಆ ಭಾಗವನ್ನು ಆಗಲೇ ಕೆಡವಿಸಿದ. ನಾನು ಸುಭದ್ರಾಬಾಯಿಯನ್ನು ನೋಡಿದ್ದು ಅದೇ ಕೊನೆ. ಕೆಡವಿದ ಇಟ್ಟಂಗಿಯನ್ನೂ ಆಕೆಯೇ ಹೊತ್ತಳು.